ಅಕ್ಕನ ಪಟ್ಟಿಯ ನೀಲಿ ಚುಕ್ಕೆಗಳು

ಕಿವಿಗೊಟ್ಟು ಕೇಳಿ, ಪ್ರಿಯರೇ. ನಮ್ಮ ಪ್ರಾರ್ಥನಾ ಕೂಟದ ಕಡೆಯ ಬೆಂಚಿನಲ್ಲಿ ಮೂವತ್ತು ವರ್ಷ ಕುಳಿತು, ಒಮ್ಮೆಯೂ ಬಾಯಿಬಿಟ್ಟು ಹಾಡದ ಒಬ್ಬರ ಕಥೆ ಇದು. ತಂತಿ ಕಚೇರಿಯಲ್ಲಿ ಯಂತ್ರ ರಿಪೇರಿ ಅವರ ಕಸುಬು. ಬಲಗೈಯ ಎರಡು ಬೆರಳು ಸದಾ ನೀಲಿಯಾಗಿರುತ್ತಿದ್ದುದರಿಂದ ಊರಿಗೆಲ್ಲ ಅವರು ನೀಲಿಬೆರಳಣ್ಣ.

ಸುದ್ದಿ ತಾನಾಗಿ ಕಾಗದದ ಮೇಲೆ ಮೂಡುವ ಹಳೆಯ ವಿದ್ಯೆಯೊಂದನ್ನು ಅವರು ಓದಿ ತಿಳಿದು, ಗಡಿಯಾರದ ಚಕ್ರ, ಹಿತ್ತಾಳೆಯ ಉರುಳೆ, ಕಬ್ಬಿಣದ ಮುಳ್ಳು ಸೇರಿಸಿ ತಮ್ಮದೇ ಯಂತ್ರ ಕಟ್ಟಿದರು. ಅದರ ಕಾಗದ ಸದಾ ಒದ್ದೆಯಾಗಿರಬೇಕು. "ಇದೇನ್ರೀ, ಕಚೇರಿನೋ ಬಟ್ಟೆ ಒಗೆಯೋ ಕಲ್ಲೋ?" ಎಂದು ಮೇಲಧಿಕಾರಿ ನಕ್ಕು ಕಳುಹಿಸಿದರು. ಅಷ್ಟರೊಳಗೆ ಆ ಯಂತ್ರಕ್ಕೆ ಬಂದಿದ್ದ ಸುದ್ದಿ ಒಂದೇ ಒಂದು. ಅದೇ ಕಚೇರಿಯಲ್ಲಿ ತಂತಿ ಗುಮಾಸ್ತೆಯಾಗಿದ್ದ ಅವರ ಅಕ್ಕನಿಗೆ, ದೂರದ ಕಚೇರಿಯಿಂದ ಆಕೆಯ ಗಂಡ, ಅಣ್ಣನ ಭಾವ, ತಮ್ಮ ಕೈಯಾರೆ ಬಡಿದು ಕಳುಹಿಸಿದ್ದು.

ಭಾವ ತೀರಿಕೊಂಡ ಮೇಲೆ ಅವರ ಕೈಯ ಗುರುತಾಗಿ ಅಕ್ಕನಲ್ಲಿ ಉಳಿದದ್ದು ಆ ಸುದ್ದಿ ನೀಲಿ ಚುಕ್ಕೆ ಗೀಟುಗಳಾಗಿ ಮೂಡಿದ್ದ ಗೇಣುದ್ದದ ಕಾಗದದ ಪಟ್ಟಿ ಮಾತ್ರ. ಧೂಳು ಹಿಡಿದಿದೆಯೆಂದು ಒಂದು ದಿನ ಅದನ್ನು ಬಟ್ಟೆ ಸೋಡಾದ ನೀರಿನಲ್ಲಿ ಅದ್ದಿದರು. ನೀಲಿ ಚುಕ್ಕೆಗಳು ಕಣ್ಣೆದುರೇ ಹೋಗಿ, ತುಕ್ಕಿನ ಬಣ್ಣದ ಮಸುಕು ಉಳಿಯಿತು. ತಮ್ಮನಿಗೆ ಮುಖ ತೋರಿಸಲಾರದೆ, ಕೂಟ ನಡೆಸುವ ನನ್ನಲ್ಲಿಗೆ ಬಂದರು.

"ನೀವೇ ಕೇಳಿ ನೋಡಿ. ಅವನು ಬೈದ್ರೆ ತಡ್ಕೋತೀನಿ. ಆಗಲ್ಲ ಅಂದ್ಬಿಟ್ರೆ?"

ಇಬ್ಬರೂ ಹೋದೆವು. ನೀಲಿಬೆರಳಣ್ಣ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಅಣ್ಣ, ಈ ಬಣ್ಣ ಬಂದದ್ದು ಹೇಗೆ, ಹೋದದ್ದು ಹೇಗೆ?" ಎಂದು ಕೇಳಿದೆ.

"ಕಾಗದ ಒಂದು ಹಳದಿ ಉಪ್ಪಿನ ನೀರಲ್ಲಿ ನೆನೆದಿರತ್ತೆ. ಕರೆಂಟು ಬಂದಾಗ ಕಬ್ಬಿಣದ ಮುಳ್ಳು ಒಂದು ಚೂರು ಕರಗಿ ಆ ಉಪ್ಪಿಗೆ ಸೇರತ್ತೆ. ಸೇರಿದ ಕಡೆ ನೀಲಿ. ಸೋಡಾ ಆ ಜೋಡೀನ ಬಿಡಿಸಿಬಿಡತ್ತೆ." ಅಕ್ಕನ ಕಡೆ ತಿರುಗಿದರು. "ಭಾವನ್ನೂ ಹೀಗೇ ತಿಕ್ಕಿ ತೊಳೀತಿದ್ದೆಯೇನೇ?"

"ಅವರು ಬಣ್ಣ ಬಿಡ್ತಿರ್ಲಿಲ್ಲ, ಹೋಗೋ," ಎಂದರು ಅಕ್ಕ, ಕಣ್ಣೊರೆಸಿಕೊಳ್ಳುತ್ತ.

"ಕಬ್ಬಿಣ ಇನ್ನೂ ಇಲ್ಲೇ ಇದೆ, ಈ ತುಕ್ಕಿನ ಕಲೆ ಅದೇ. ಆ ಉಪ್ಪಿನ ಜೊತೆ ಸ್ವಲ್ಪ ಹುಳಿ ಕೊಟ್ರೆ ಮತ್ತೆ ಕೂಡಬಹುದು. ಆದ್ರೆ ಒಂದೇ ಸಲ. ಹೆಚ್ಚಾದ್ರೆ ಎಲ್ಲಾ ಕಲಸಿಹೋಗತ್ತೆ."

ಅದನ್ನು ಬೆರೆಸಲೆಂದು ಅಕ್ಕ ಅವಸರದಲ್ಲಿ ಕಬ್ಬಿಣದ ಬಟ್ಟಲು ತಂದರು.

"ಅದು ಬೇಡ ಕಣೇ, ಅದೂ ಕರಗಿ ಕಾಗದನೆಲ್ಲ ನೀಲಿ ಮಾಡತ್ತೆ. ಗಾಜಿಂದು ತಾ."

ಆ ನೀರಿನಲ್ಲಿ ಅದ್ದಿದ ಅವರ ಕುಂಚ ಪಟ್ಟಿಗೆ ತಾಗಿತು. ನಾನು ಮನಸ್ಸಿನಲ್ಲೇ ದೇವರನ್ನು ಬೇಡಿದೆ. ಮೊದಲು ಏನೂ ಕಾಣಲಿಲ್ಲ. ಆಮೇಲೆ ಒಂದು ಚುಕ್ಕೆ, ಒಂದು ಗೀಟು, ಮತ್ತೊಂದು ಚುಕ್ಕೆ. ಅಕ್ಕ ಮೆಲ್ಲಗೆ ಓದಿದರು: "ನಾಳೆ ಬರುವೆ. ಚಿಲಕ ಹಾಕಬೇಡ." ಕಡೆಯ ಎರಡು ಚುಕ್ಕೆ ಮಾತ್ರ ಬರಲೇ ಇಲ್ಲ. ಅವನ್ನು ಅಕ್ಕ ಮೇಜಿನ ಮೇಲೆ ಬೆರಳಿನಿಂದ ಬಡಿದು ತೋರಿಸಿದರು, ಭಾವ ಬಡಿಯುತ್ತಿದ್ದ ಹಾಗೆಯೇ, ಎರಡನೆಯದು ತುಸು ತಡವಾಗಿ.

ನೀಲಿಬೆರಳಣ್ಣ ಈಗಿಲ್ಲ. ಮುಳ್ಳು ತಾನು ಕರಗದೆ ಅಕ್ಷರ ಮೂಡದೆಂಬ ಅವರ ವಿವರಣೆಯನ್ನು ಎಷ್ಟೋ ಕೂಟಗಳಲ್ಲಿ ಹೇಳಿದ್ದೇನೆ. ಆದರೆ ನನಗೆ ಹೆಚ್ಚು ನೆನಪಾಗುವುದು, ನಾಚಿಕೆಯನ್ನು ನುಂಗಿ ಅವರ ಹೊಸ್ತಿಲು ದಾಟಿದ ಅಕ್ಕನೇ. ನಿಮ್ಮ ಕೈಯಿಂದಲೂ ಅಮೂಲ್ಯವಾದದ್ದೇನಾದರೂ ಅಳಿಸಿಹೋಗಿದ್ದರೆ ಮುಚ್ಚಿಡಬೇಡಿ, ಪ್ರಿಯರೇ. ಬಲ್ಲವರು ಬದುಕಿರುವಾಗಲೇ ಹೋಗಿ ಅವರನ್ನು ಕೇಳಿ.