ಒಬ್ಬರಿಗೇ ಅನುಮತಿ ಇದ್ದ ಕಾರು

ದೋಹಾದ ಬಿನ್ ಒಮ್ರಾನ್‌ನ ನಮ್ಮ ಕಟ್ಟಡದಲ್ಲಿ ಕನ್ನಡ ಮಾತಾಡುವವರ ಮನೆ ಎರಡೇ. ಮೇಲಿನ ಮಹಡಿಯಲ್ಲಿ ನಾವು, ಮೈಸೂರಿನವರು. ಕೆಳಗಡೆ ಉಡುಪಿಯ ಗಂಡ ಹೆಂಡತಿ. ಮನೆಯೊಳಗೆ ತುಳು, ನಮ್ಮ ಜೊತೆ ಕನ್ನಡ. ಅವರ ಯಜಮಾನರು ಟೈಲ್ಸ್ ಅಂಗಡಿಯೊಂದರಲ್ಲಿ ಲೆಕ್ಕ ನೋಡಿಕೊಳ್ಳುತ್ತಿದ್ದರು, ಕಾರು ಇರಲಿಲ್ಲ. ನಮ್ಮವರು ಕಟ್ಟಡ ಕಟ್ಟುವ ಕಂಪನಿಯಲ್ಲಿ ಸೈಟ್ ಎಂಜಿನಿಯರ್. ಕಂಪನಿ ಕೊಟ್ಟಿದ್ದ ಬಿಳಿ ಕಾರು ಮನೆಯ ಮುಂದೆಯೇ ನಿಲ್ಲುತ್ತಿತ್ತು. ಶುಕ್ರವಾರ ರಜೆ ಬಂತೆಂದರೆ ಎರಡೂ ಮನೆಯವರು ಅದರಲ್ಲಿ ತುಂಬಿಕೊಂಡು ಎಲ್ಲಿಗಾದರೂ ಹೊರಡುವುದು ವಾಡಿಕೆ. ನಮ್ಮ ಮಗಳು ಆಗಿನ್ನೂ ಒಂದನೇ ಕ್ಲಾಸು.

ಹೊಸ ಟ್ರಾಫಿಕ್ ಕಾನೂನು ಬಂದ ಹೊಸತು. ಕೆಂಪು ದೀಪ ದಾಟಿದರೆ ಸುಮ್ಮನೆ ಬಿಡುವುದಿಲ್ಲ ಎಂದು ಎಲ್ಲ ಕಡೆ ಅದೇ ಮಾತು. ಆ ಚಳಿಗಾಲದ ಒಂದು ಶುಕ್ರವಾರ ಅಲ್ ಖೋರ್‌ನ ಕಡಲ ದಂಡೆಗೆ ಹೋಗಿ ವಾಪಸು ಬರುತ್ತಿದ್ದೆವು. ಸೂರ್ಯ ಮುಳುಗುವ ಹೊತ್ತು. ಕೆಳಮನೆಯ ಯಜಮಾನರು ಹಿಂದಿನ ಸೀಟಿನಲ್ಲಿ ಕೂತು, ತಮ್ಮ ಅಂಗಡಿಯ ಮುದೀರ್, ಎಂದರೆ ಮ್ಯಾನೇಜರು, ಸಿಟ್ಟು ಬಂದಾಗ ಅರಬ್ಬಿ ಹಿಂದಿ ಬೆರೆಸಿ ಬೈಯುವುದನ್ನು ಅಭಿನಯಿಸಿ ತೋರಿಸುತ್ತಿದ್ದರು. ಎಲ್ಲರಿಗೂ ನಗು. ನಮ್ಮವರೂ ನಗುತ್ತಾ ಒಂದು ಗಳಿಗೆ ಹಿಂದಕ್ಕೆ ತಿರುಗಿದರು. ಎದುರಿನ ಕೆಂಪು ದೀಪವನ್ನು ಅವರು ನೋಡಲೇ ಇಲ್ಲ. ರಸ್ತೆ ದಾಟುತ್ತಿದ್ದ ಮನುಷ್ಯನೊಬ್ಬ ಕಾರಿನ ಬಾನೆಟ್ಟಿಗೆ ಬಡಿದು ಆಚೆ ಬಿದ್ದ. ಅವನ ಕೈಯಲ್ಲಿದ್ದ ಪ್ಲಾಸ್ಟಿಕ್ ಚೀಲದಿಂದ ಈರುಳ್ಳಿಗಳು ರಸ್ತೆಯ ತುಂಬ ಉರುಳಿದವು. ನನ್ನ ತೊಡೆಯ ಮೇಲೆ ನಿದ್ದೆ ಮಾಡುತ್ತಿದ್ದ ಮಗಳು ಎದ್ದು ಕಿರುಚಿಕೊಂಡಳು.

ಅವನು ಸಾಯಲಿಲ್ಲ. ನೇಪಾಳದವನು, ಎತ್ತರದ ಕಟ್ಟಡಗಳಿಗೆ ಕಬ್ಬಿಣದ ಸಾರುವೆ ಕಟ್ಟುವ ಕೆಲಸದವನು. ತೊಡೆಯ ಮೂಳೆ, ಮಂಡಿ ಎರಡೂ ಮುರಿದಿದ್ದವು. ಪೊಲೀಸರು ನಮ್ಮವರನ್ನು ಠಾಣೆಯಲ್ಲಿ ಕೂರಿಸಿಕೊಂಡರು, ಕೆಲವು ದಿನಗಳಾದ ಮೇಲೆ ಬಿಟ್ಟರು, ಆಮೇಲೆ ಕೋರ್ಟಿಗೆ ಅಲೆದಾಟ. ಲೈಸೆನ್ಸ್ ಕೆಲವು ತಿಂಗಳು ಅಮಾನತ್ತಾಯಿತು. ಅವರು ಕೂಲಿಯವರ ಬಸ್ಸಿನಲ್ಲಿ ಸೈಟಿಗೆ ಹೋಗಿ ಬರತೊಡಗಿದರು. ಶುಕ್ರವಾರಗಳಲ್ಲಿ ಹಣ್ಣು ಹಿಡಿದುಕೊಂಡು ಆಸ್ಪತ್ರೆಗೆ ಹೋಗುತ್ತಿದ್ದರು. ನಾನೂ ಬರುತ್ತೇನೆಂದರೆ ಬೇಡ ಎನ್ನುತ್ತಿದ್ದರು.

ಕೊನೆಯ ಸಲ ಹೋಗಿ ಬಂದ ದಿನ ಬಾಗಿಲಲ್ಲೇ ಚಪ್ಪಲಿ ಬಿಡದೆ ನಿಂತರು.

"ಏನಂತೆ?" ಎಂದೆ.

"ಊರಿಗೆ ಕಳಿಸ್ತಾರಂತೆ. ಮಂಡಿ ಇನ್ನು ಮಡಚೋಕೆ ಬರಲ್ಲ."

"ನಿಮ್ಮನ್ನ ಏನಾದ್ರೂ ಅಂದ್ನಾ?"

"ಇಲ್ಲ ಕಣೇ. ಪಕ್ಕದ ಬೆಡ್ಡಿನವನ ಹತ್ರ ಹೇಳಿ ನಂಗೆ ಚಾಯ್ ತರಿಸಿಕೊಟ್ಟ."

ಅವತ್ತು ಅವರು ಊಟ ಮಾಡಲಿಲ್ಲ. ಅವನು ಬೈದಿದ್ದರೆ ಇವರಿಗೆ ಸುಲಭವಾಗುತ್ತಿತ್ತೇನೋ ಎಂದು ನನಗೆ ಅನ್ನಿಸಿತು.

ಲೈಸೆನ್ಸ್ ವಾಪಸು ಬಂದ ಮೇಲೆ ಕಂಪನಿ ಕಾರನ್ನು ಮತ್ತೆ ಕೊಟ್ಟಿತು. ಆದರೆ ದೊಡ್ಡ ತಪ್ಪು ಮಾಡಿದ ಡ್ರೈವರುಗಳಿಗೆ ಕಂಪನಿಯದೇ ಷರತ್ತುಗಳಿದ್ದವು. ಒಂದು ವರ್ಷ ಕಾರು ಓಡಬೇಕಾದದ್ದು ಮನೆಯಿಂದ ಸೈಟಿಗೆ, ಸೈಟಿನಿಂದ ಮನೆಗೆ ಮಾತ್ರ. ಗೊತ್ತುಮಾಡಿದ ರಸ್ತೆ ಬಿಡುವ ಹಾಗಿಲ್ಲ. ಕತ್ತಲಾದ ಮೇಲೆ ಓಡಿಸುವ ಹಾಗಿಲ್ಲ. ಕಾರಿನಲ್ಲಿ ಇನ್ನೊಬ್ಬರು ಇರಕೂಡದು, ಹೆಂಡತಿ ಮಕ್ಕಳೂ ಸಹ. ಮೀರಿದರೆ ವೀಸಾ ರದ್ದು, ಖಲಾಸ್. ಊಟದ ಮೇಜಿನ ಮುಂದೆ ಕೂತು ಅವರು ಇದನ್ನೆಲ್ಲ ಬೇರೆ ಯಾರದೋ ವಿಷಯವೆಂಬಂತೆ ಹೇಳಿದರು.

"ನಾವೂ ಕೂರಬಾರ್ದಾ? ಇದೆಂಥ ರೂಲ್ಸು ರೀ?"

"ಸರಿಯಾಗೇ ಇದೆ," ಎಂದರು.

ಮಗಳ ಶಾಲೆ ಇದ್ದದ್ದು ಅವರು ಸೈಟಿಗೆ ಹೋಗುವ ದಾರಿಯಲ್ಲೇ. ಆದರೂ ಬೆಳಿಗ್ಗೆ ನಾನೂ ಅವಳೂ ಕೆಳಗೆ ನಿಂತು ಟ್ಯಾಕ್ಸಿ ಕಾಯುತ್ತಿದ್ದೆವು. ಆಗೆಲ್ಲ ದೋಹಾದಲ್ಲಿ ಟ್ಯಾಕ್ಸಿ ಸಿಗುವುದೇ ಕಷ್ಟ. ನಾಲ್ಕು ಸೀಟು ಖಾಲಿ ಇದ್ದ ಬಿಳಿ ಕಾರು ನಮ್ಮ ಮುಂದೆಯೇ ಹೊರಡುತ್ತಿತ್ತು. ಮಗಳು ಕೈ ಬೀಸುವಳು, ಅವರು ತಲೆ ಆಡಿಸಿ ಹೋಗುವರು. ಕೆಲವು ದಿನ ಟ್ಯಾಕ್ಸಿ ಬೇಗ ಸಿಕ್ಕಿ, ಮುಂದಿನ ಸಿಗ್ನಲ್ಲಿನಲ್ಲಿ ಅವರ ಪಕ್ಕಕ್ಕೇ ಬಂದು ನಿಲ್ಲುತ್ತಿದ್ದೆವು. ಅವರು ಎರಡೂ ಕೈಯಿಂದ ಸ್ಟಿಯರಿಂಗ್ ಹಿಡಿದು ದೀಪವನ್ನೇ ನೋಡುತ್ತಿರುತ್ತಿದ್ದರು. ಮಗಳು ಕಿಟಕಿ ಗಾಜು ಬಡಿದು "ಅಪ್ಪಾ" ಎಂದು ಕೂಗಿದರೂ ಈ ಕಡೆ ತಿರುಗುತ್ತಿರಲಿಲ್ಲ. ಕ್ರಮೇಣ ಅವಳು ಕೂಗುವುದನ್ನು ಬಿಟ್ಟಳು.

ಜೂನ್ ತಿಂಗಳ ಒಂದು ಮಧ್ಯಾಹ್ನ ಶಾಲೆಯಿಂದ ಫೋನ್ ಬಂತು. ಮಗಳು ಜಾರುಬಂಡೆಯಿಂದ ಬಿದ್ದು ಹಣೆ ಒಡೆದುಕೊಂಡಿದ್ದಾಳೆ, ಹೊಲಿಗೆ ಹಾಕಿಸಬೇಕು, ಬನ್ನಿ ಎಂದರು. ಟ್ಯಾಕ್ಸಿ ಹಿಡಿದು ಓಡಿದೆ. ನನ್ನನ್ನು ಇಳಿಸಿದವನು ಮುಂದಿನ ಗಿರಾಕಿಯನ್ನು ಹತ್ತಿಸಿಕೊಂಡು ಹೊರಟುಹೋದ. ಅವಳ ಹಣೆಯ ಬ್ಯಾಂಡೇಜು ಆಗಲೇ ತೊಯ್ದು, ಯೂನಿಫಾರ್ಮಿನ ಕಾಲರಿನವರೆಗೂ ರಕ್ತ ಇಳಿದಿತ್ತು. ಇವರಿಗೆ ಫೋನ್ ಮಾಡಿದೆ. ಸ್ವಲ್ಪ ಹೊತ್ತಿನಲ್ಲೇ ಬಿಳಿ ಕಾರು ಗೇಟಿನ ಮುಂದೆ ಬಂದು ನಿಂತಿತು.

ನಾನು ಹಿಂದಿನ ಬಾಗಿಲು ತೆಗೆದೆ. ಅವರು ಇಳಿದು ಬಂದು ಆ ಬಾಗಿಲನ್ನು ಹಿಡಿದುಕೊಂಡರು.

"ಬೇಡ. ಟ್ಯಾಕ್ಸಿ ಹಿಡೀತೀನಿ, ಇರು."

"ರೀ, ರಕ್ತ ನೋಡಿ! ಯಾರು ನೋಡ್ತಾರೆ ಈ ಬಿಸಿಲಲ್ಲಿ?"

"ಬೇಡ ಅಂದೆ."

ಮಗಳು ಬಿಕ್ಕುತ್ತಾ, "ಅಪ್ಪಾ, ನಮ್ ಕಾರ್ ಇದೆಯಲ್ಲಾ... ವೈ ಟ್ಯಾಕ್ಸಿ?" ಎಂದಳು. ಅವರು ನಡುರಸ್ತೆಯವರೆಗೂ ಹೋಗಿ ಎರಡೂ ಕೈ ಎತ್ತಿ ನಿಂತರು. ಟ್ಯಾಕ್ಸಿಗಳು ಜನ ತುಂಬಿಕೊಂಡು ದಾಟಿ ಹೋದವು. ಕೊನೆಗೆ ನಿಲ್ಲಿಸಿದವನು ಕುಬ್ಬೂಸ್ ರೊಟ್ಟಿ ಸಾಗಿಸುವ ವ್ಯಾನಿನ ಡ್ರೈವರು, ಕೇರಳದವನು. ಮಗುವನ್ನು ನೋಡಿದ, ಎಂಜಿನ್ ಆರಿಸದೆ ನಿಂತಿದ್ದ ನಮ್ಮ ಕಾರನ್ನು ನೋಡಿದ.

"ಗಾಡಿ ತೋ ಹೈ ಆಪ್ ಕಾ?" ಎಂದು ಕೇಳಿದ, ಗಾಡಿ ಇದೆಯಲ್ಲಾ ಎಂದು.

ನಮ್ಮವರು ಕೈ ಮುಗಿದರು. ಅವನು ಮತ್ತೆ ಕೇಳಲಿಲ್ಲ. "ಯಲ್ಲಾ, ಬೈಠೋ," ಎಂದು ಬಾಗಿಲು ತೆಗೆದ. ಇವರು ಕಾರಿಗೆ ಬೀಗ ಹಾಕಿ ಬಂದು ನಮ್ಮ ಜೊತೆಯೇ ಮುಂದಿನ ಸೀಟಿನಲ್ಲಿ ಒತ್ತಿಕೊಂಡು ಕೂತರು. ಮಗಳು ಅವರ ಎದೆಗೆ ಒರಗಿದ್ದಳು. ವ್ಯಾನಿನ ತುಂಬ ಬಿಸಿ ರೊಟ್ಟಿಯ ವಾಸನೆ. ಆಸ್ಪತ್ರೆ ಮುಟ್ಟುವವರೆಗೂ ನಾನು ಅವರ ಮುಖ ನೋಡಲಿಲ್ಲ.

ಹೊಲಿಗೆ ಹಾಕಿಸಿ ಮನೆಗೆ ಬಂದು ಮಗಳು ಮಲಗಿದ ಮೇಲೆ ನನ್ನ ಸಿಟ್ಟು ಹೊರಗೆ ಬಂತು. "ಇನ್ನೂ ಜಾಸ್ತಿ ಏಟಾಗಿದ್ರೆ? ಆಗಲೂ ವೀಸಾ ಹೋಗುತ್ತೆ ಅಂತ ರಸ್ತೇಲಿ ನಿಂತಿರ್ತಿದ್ರಾ?"

"ವೀಸಾಗಲ್ಲ ಕಣೇ," ಎಂದರು. "ಹೋದ್ರೆ ಹೋಗ್ಲಿ ವೀಸಾ. ಕಾರೊಳಗೆ ಇನ್ನೊಬ್ರು ಇದಾರೆ ಅಂದ್ರೆ ನನ್ನ ಕಾಲು ಬ್ರೇಕ್ ಮೇಲೆ ನಿಲ್ಲಲ್ಲ, ನಡುಗುತ್ತೆ. ಒಂದಿನ ನಮ್ಮ ಫೋರ್‌ಮನ್ ಸೈಟ್ ಒಳಗೇನೇ ಬಂದು ಪಕ್ಕದಲ್ಲಿ ಕೂತ. ಗೇಟ್ ತನಕ ಓಡಿಸೋಕಾಗ್ಲಿಲ್ಲ. ಅವಳು ಅಳ್ತಾ ಹಿಂದೆ ಕೂತಿದ್ರೆ ಇವತ್ತು ಎಲ್ಲಿಗೆ ಗುದ್ದಿಬಿಡ್ತಿದ್ನೋ."

ಆ ಷರತ್ತುಗಳನ್ನು ನಾನು ಅಷ್ಟು ದಿನ ಶಪಿಸಿದ್ದೆ. ಅವರು ಅವುಗಳ ಹಿಂದೆ ಅಡಗಿಕೊಂಡಿದ್ದಾರೆಂದು ಹೊಳೆದಿರಲಿಲ್ಲ. ಡಾಕ್ಟರ ಹತ್ತಿರ ಹೋಗೋಣವೆಂದೆ. "ಕಾಲು ನಡುಗುತ್ತೆ ಅಂತ ಯಾವ ಡಾಕ್ಟರಿಗೆ ಹೇಳ್ಲಿ? ಕಂಪನಿಗೆ ಗೊತ್ತಾದ್ರೆ?" ಎಂದು ಎದ್ದು ಹೋದರು.

ವರ್ಷ ಮುಗಿಯಿತು. ಷರತ್ತುಗಳನ್ನು ತೆಗೆದರೆಂದು ಕೆಳಮನೆಯವರಿಗೆ ನಾನೇ ಹೇಳಿಬಿಟ್ಟಿದ್ದೆ. ಮುಂದಿನ ಶುಕ್ರವಾರ ಅವರು ಫ್ಲಾಸ್ಕು ಹಿಡಿದುಕೊಂಡು ಮೇಲೆ ಬಂದರು. "ಎಂಥ ಮಾರಾಯ್ರೆ, ಇನ್ನೂ ಹೊರಡ್ಲಿಲ್ವಾ? ನಮ್ಮವ್ಳು ಕೆಳಗೆ ಕಾಯ್ತಾ ಇದ್ದಾಳೆ."

"ಇವತ್ತು ಬೇಡ. ತಲೆನೋವು," ಎಂದರು ನಮ್ಮವರು.

ಅದರ ಮುಂದಿನ ಶುಕ್ರವಾರವೂ ಅದೇ ಉತ್ತರ. ಕೆಳಮನೆಯವರು ಬಾಗಿಲಲ್ಲಿ ನಿಂತು, "ಅವತ್ತು ನಗಿಸಿದ್ದು ನಾನೇ ಅಲ್ವಾ, ಆ ಬೇಜಾರಾ ನಿಮ್ಗೆ?" ಎಂದು ಕೇಳಿದರು. ಅಲ್ಲ, ಹಾಗೇನಿಲ್ಲ ಎಂದು ಇವರು ಅವರ ಕೈ ಹಿಡಿದುಕೊಂಡರು. ಆದರೂ ಆಮೇಲೆ ಅವರು ಮೇಲೆ ಬರುವುದು ಕಡಿಮೆಯಾಯಿತು. ಮೆಟ್ಟಿಲಲ್ಲಿ ಎದುರಾದರೆ ಹವೆಯ ವಿಷಯ ಮಾತಾಡಿ ದಾಟಿಕೊಳ್ಳುತ್ತಿದ್ದೆವು. ಕೆಲವು ತಿಂಗಳಲ್ಲಿ ಅವರು ಬೇರೆ ಏರಿಯಾಗೆ ಮನೆ ಬದಲಾಯಿಸಿದರು.

ಅಷ್ಟರಲ್ಲಿ ನಾನು ಡ್ರೈವಿಂಗ್ ಸ್ಕೂಲಿಗೆ ಸೇರಿದ್ದೆ. ಕಲಿಸುವವರು ಹೆಂಗಸೇ, ಒಂದೊಂದು ತಪ್ಪಿಗೂ ನಾಲಿಗೆಯಿಂದ ಲೊಚ್ಚೆಂದು ಸದ್ದು ಮಾಡುತ್ತಿದ್ದರು. ಒಂದು ಸಲ ಫೇಲಾಗಿ ಆಮೇಲೆ ಪಾಸಾದೆ. ಬೇರೆಯವರಿಂದ ಹಳೆಯ ಕಾರೊಂದನ್ನು ಕೊಂಡೆವು. ಮಗಳನ್ನು ಶಾಲೆಗೆ ನಾನೇ ಬಿಡತೊಡಗಿದೆ. ಒಮ್ಮೆ ಮಾರ್ಕೆಟ್ಟಿಗೆ ಇವರೂ ಬಂದರು. ಮುಂದೆ ಕೂರಿ ಎಂದರೆ ಕೇಳದೆ ಹಿಂದಿನ ಸೀಟಿನಲ್ಲಿ ಮಗಳ ಪಕ್ಕ ಕೂತು, ದಾರಿಯುದ್ದಕ್ಕೂ ಕಣ್ಣು ಮುಚ್ಚಿಕೊಂಡಿದ್ದರು. ಒಂದು ತಿರುವಿನಲ್ಲಿ ನಾನು ಜೋರಾಗಿ ಬ್ರೇಕ್ ಹಾಕಿದಾಗ ಅವರ ಬಾಯಿಂದ ಹೊರಟ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಆಮೇಲೆ ನಮ್ಮ ಜೊತೆ ಅವರು ಬರಲಿಲ್ಲ.

ಆ ವರ್ಷದ ಕೊನೆಗೆ ಅವರು ಬಿಳಿ ಕಾರಿನ ಕೀಯನ್ನು ತಾವಾಗಿಯೇ ಕಂಪನಿಗೆ ಒಪ್ಪಿಸಿ ಬಂದರು. ಕಾರಣ ಏನು ಹೇಳಿದರೋ ನನಗೆ ಗೊತ್ತಿಲ್ಲ. ಮಾರನೆಯ ಬೆಳಿಗ್ಗೆ ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಹೆಲ್ಮೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು, ಕೂಲಿಯವರ ಬಸ್ಸು ನಿಲ್ಲುವ ಮೂಲೆಯಲ್ಲಿ ಅವರು ಕಾಯುತ್ತಿದ್ದರು. ಬಸ್ಸು ಬಂತು, ಹತ್ತಿದರು. ನಾನು ಮಗಳನ್ನು ಎಬ್ಬಿಸಲು ಒಳಗೆ ಹೋದೆ.