ಮಡಚದ ಬೆರಳಿಗೆ ತುಂಗಮ್ಮನ ಶಾಖ

ಬೆಳಗಿನ ಏಳು ಗಂಟೆ. ಶಿವಮೊಗ್ಗದ ದುರ್ಗಿಗುಡಿಯ ಆಯುರ್ವೇದ ಚಿಕಿತ್ಸಾಲಯವೊಂದರ ಹಿಂದಿನ ಕೋಣೆಯಲ್ಲಿ ಹಾಲು, ಕಷಾಯಗಳ ಜೊತೆ ಅಕ್ಕಿ ಬೇಯುತ್ತಿದೆ. ಆವಿ ಕಿಟಕಿಯವರೆಗೆ ಏರಿ, ಹೊರಗಿನ ಮಂಜಿನೊಡನೆ ಮಾತಿಗೆ ನಿಂತಂತೆ ತಡೆದು ತಡೆದು ಕರಗುತ್ತದೆ. ಅದರ ನಡುವೆ ತುಂಗಮ್ಮ ಕನಸಿನಲ್ಲಿ ನಡೆಯುವವರಂತೆ ಸದ್ದಿಲ್ಲದೆ ಓಡಾಡುತ್ತಾರೆ. ಬೆಂದ ಅಕ್ಕಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, ಮೊದಲು ತಮ್ಮ ಮುಂಗೈಗೇ ಒತ್ತಿಕೊಳ್ಳುತ್ತಾರೆ. ತಮಗೆ ಸುಡದಷ್ಟೇ ಶಾಖ ರೋಗಿಗೆ.

ಐವತ್ತೆಂಟರ ತುಂಗಮ್ಮ ಭದ್ರಾವತಿಯ ಹಳೇನಗರದವರು. ಹತ್ತೊಂಬತ್ತು ವರ್ಷಗಳಿಂದ ಮೊದಲ ಬಸ್ಸಿಗೆ ಬಂದು, ದಿನಕ್ಕೆ ಹನ್ನೆರಡು ಮಂದಿಯ ಕೈಕಾಲುಗಳಿಗೆ ಎಣ್ಣೆ ನೀವುತ್ತಿದ್ದಾರೆ. ವಾಸಿಯಾದವರು "ಡಾಕ್ಟ್ರ ಕೈಗುಣ" ಎಂದು ಹೊಗಳಿ, ಹಣ್ಣಿನ ಬುಟ್ಟಿಯನ್ನು ಮುಂಭಾಗದ ವೈದ್ಯರ ಕೋಣೆಯಲ್ಲಿಟ್ಟು ಹೋಗುತ್ತಾರೆ. ಇನ್ನೂ ಹತ್ತು ಹೆಜ್ಜೆ ಒಳಗೆ ನಡೆಯಲು ಏನು ಕಷ್ಟ? ಶಾಲೆಯಲ್ಲಿ ಬಾಯಿಪಾಠ ಮಾಡಿದ ಕೃತಜ್ಞತೆಯನ್ನು ನಾವು ಎಲ್ಲಿ ಕಳೆದುಕೊಂಡೆವು?

ಈಗ ಅವರೆದುರು ಕುಳಿತಿರುವವರು ಭದ್ರಾವತಿಯ ದರ್ಜಿ ಸತೀಶ್. ಮೂರು ವರ್ಷಗಳ ಹಿಂದೆ ಗಾಜು ಕೊಯ್ದು, ಬಲಗೈ ನಡುಬೆರಳನ್ನು ಮಡಚಿಸುವ ಸ್ನಾಯುರಜ್ಜು ತುಂಡಾಯಿತು. ಶಸ್ತ್ರಚಿಕಿತ್ಸೆಯಲ್ಲಿ ಕೂಡಿಸಿದರೂ, ನೋವಿಗೆ ಅಂಜಿ ವ್ಯಾಯಾಮ ಬಿಟ್ಟರು. ಬೆರಳು ಕಡ್ಡಿಯಂತೆ ಬಿಗಿದುಕೊಂಡಿತು. ಕತ್ತರಿ ಹಿಡಿಯಲಾಗದ ದರ್ಜಿ ಇಂದು ಬೇರೆಯವರ ಅಂಗಡಿಯಲ್ಲಿ ಗುಂಡಿ ಹೊಲಿಯುತ್ತಾರೆ. ಕೂಡಿಸಿದ ರಜ್ಜು ಗಟ್ಟಿಯಾಗಿದೆ ಎಂದು ಶಸ್ತ್ರವೈದ್ಯರು ನೋಡಿ ಹೇಳಿದ ಮೇಲೆಯೇ ಇಲ್ಲಿ ಎಣ್ಣೆ, ಶಾಖ, ನಿಧಾನವಾಗಿ ಮಡಚಿಸುವ ಅಭ್ಯಾಸ ಆರಂಭವಾದದ್ದು.

"ತುಂಡಾಗಿದ್ದನ್ನ ಎಣ್ಣೆ ಕೂಡ್ಸಲ್ಲ. ಬಿಗಿದಿದ್ದನ್ನ ಸಡಿಲ ಮಾಡುತ್ತೆ, ಅಷ್ಟೇ. ಪೂರಾ ಸರಿ ಮಾಡ್ತೀನಿ ಅಂತ ನಾನು ಯಾರಿಗೂ ಹೇಳಿಲ್ಲ" ಎನ್ನುತ್ತಾರೆ ತುಂಗಮ್ಮ.

ಎರಡನೇ ತಿಂಗಳಲ್ಲಿ ಬೆರಳು ಕೊಂಚ ಮಿಸುಕಿದಾಗ ಸತೀಶರಿಗೆ ಆಸೆ ಹೆಚ್ಚಿತು. ಎಲ್ಲರೂ ನೆಟಿಗೆ ತೆಗೆಯುವಂತೆ ಮನೆಯಲ್ಲಿ ತಾವೇ ಬಗ್ಗಿಸಿ ಜಗ್ಗಿದರು. ಬೆಳಗಾಗುವಷ್ಟರಲ್ಲಿ ಬೆರಳು ಊದಿತ್ತು.

"ಬೇಗ ಬರ್ಲಿ ಅಂತ ಸ್ವಲ್ಪ ಎಳೆದೆ ಅಕ್ಕಾ."

"ಎಳೆಯೋಕೆ ಅದೇನು ಬಾವಿ ಹಗ್ಗಾನಾ ಮಾರಾಯ? ನಿಂಗೇ ಎಲ್ಲಾ ಗೊತ್ತಿದ್ರೆ ಹೇಳ್ಬಿಡು, ನಾನು ಮನೇಲಿ ರೊಟ್ಟಿ ತಟ್ಕೊಂಡಿರ್ತೀನಿ!"

ವೈದ್ಯರು ಹದಿನೈದು ದಿನ ಎಲ್ಲವನ್ನೂ ನಿಲ್ಲಿಸಿದರು. ಆಮೇಲೆ ತುಂಗಮ್ಮ ಮೊದಲಿನಿಂದ ಶುರುಮಾಡಿದರು.

ಚಿಕಿತ್ಸೆ ಆರಂಭವಾಗಿ ಇಂದಿಗೆ ನಾಲ್ಕು ತಿಂಗಳು. ಶಾಖ ಮುಗಿದಿದೆ. ಎಣ್ಣೆ ಒರೆಸಿ ತುಂಗಮ್ಮ ತಮ್ಮ ಹೆಬ್ಬೆರಳನ್ನು ಚಾಚುತ್ತಾರೆ. "ನಡುಬೆರಳಲ್ಲಿ ಹಿಡಿ ನೋಡಾಣ." ಇಷ್ಟು ದಿನ ಆ ಬೆರಳು ಅರ್ಧಕ್ಕೇ ನಿಂತು ಗಾಳಿಯಲ್ಲಿ ನಡುಗುತ್ತಿತ್ತು. ಸತೀಶ್ ಮಡಚಲು ನೋಡುತ್ತಾರೆ. ಬೆರಳು ನಿದ್ದೆಗಣ್ಣಿನ ಮಗುವಿನಂತೆ ಮೆಲ್ಲಗೆ ಬಾಗಿ, ಇನ್ನೂ ಬಾಗಿ, ಹೆಬ್ಬೆರಳನ್ನು ಸುತ್ತಿ ಒತ್ತುತ್ತದೆ.

"ಕತ್ತರಿ ಹಿಡಿಬಹುದಾ ಅಕ್ಕಾ?"

"ಡಾಕ್ಟ್ರನ್ನ ಕೇಳು. ಹೂಂ ಅಂದ್ರೆ ಚಿಕ್ಕ ಕತ್ತರಿ, ತೆಳ್ಳನೆ ಬಟ್ಟೆ. ಕೋಟಿನ ಬಟ್ಟೆ ಮುಟ್ಟೀಯ, ಜೋಕೆ!"

ಸತೀಶ್ ಎದ್ದು ಹೋಗುವುದಿಲ್ಲ. ನಂಬಿಕೆ ಸಾಲದೆ ಮತ್ತೊಮ್ಮೆ ಒತ್ತಿ ನೋಡುತ್ತಾರೆ, ಈ ಸಲ ಇನ್ನೂ ಗಟ್ಟಿಯಾಗಿ.

"ಅಯ್ಯೋ, ನೋಯ್ತಿದೆ ಬಿಡೋ" ಎನ್ನುತ್ತಾರೆ ತುಂಗಮ್ಮ. ಕೈಯನ್ನು ಮಾತ್ರ ಹಿಂದಕ್ಕೆ ಎಳೆದುಕೊಳ್ಳುವುದಿಲ್ಲ.