ಅವರು ಹೈವೇ ಮುಟ್ಟಲಿ

ಡಿಸೆಂಬರ್ 28, ಶನಿವಾರ. ಬೆಳಗ್ಗೆ ಒಂಬತ್ತು ಮುಕ್ಕಾಲು. ಮಣಿಪಾಲದ ಒಂದು ಹೋಟೆಲಿನ ನಾಲ್ಕನೇ ಮಾಳಿಗೆಯಲ್ಲಿ ಕುಳಿತು ಇದನ್ನು ಬರೆಯಲು ತೊಡಗಿದ್ದೇನೆ. ಹನ್ನೊಂದಕ್ಕೆ ಕೋಣೆ ಬಿಡಬೇಕು.

ಮೇಜಿನ ಮೇಲೆ, ನೀರು ಕಾಯಿಸುವ ಕೆಟಲ್‌ನ ಪಕ್ಕ ಒಂದು ಚಿಕ್ಕ ಕಾರ್ಡು ನಿಲ್ಲಿಸಿದ್ದಾರೆ. ಅದರಲ್ಲೊಂದು ಕ್ಯೂಆರ್ ಕೋಡ್. ನಿಮ್ಮ ಕೋಣೆಯನ್ನು ಚೊಕ್ಕಟವಾಗಿ ಇಟ್ಟವರಿಗೆ ಮೆಚ್ಚುಗೆ ತಿಳಿಸಿ ಎಂದು ಕೆಳಗೆ ಬರೆದಿದೆ. ಫೋನು ಹಿಡಿದು ನೋಡಿದೆ. ಹೋಟೆಲಿನ ಹೆಸರು ಬಂತು, ಮನುಷ್ಯರ ಹೆಸರು ಬರಲಿಲ್ಲ.

ನಿನ್ನೆ ಸಂಜೆ ಆಫೀಸಿನ ಗೆಳತಿಯರಿಬ್ಬರು ಇದೇ ಕಾರ್ಡನ್ನು ಹಿಡಿದುಕೊಂಡು ವಾದ ಮಾಡಿದ್ದರು. ಬಾಡಿಗೆಯಲ್ಲೇ ಎಲ್ಲ ಸೇರಿರುವುದಿಲ್ವಾ ಎಂದು ಒಬ್ಬಳು. ರಜೆಗೆ ಬಂದವರು ಹಾಸಿಗೆ ಸರಿ ಮಾಡಿದ್ದಕ್ಕೂ ಟಿಪ್ಸ್ ಕೊಡುವುದಾದರೆ ಬಸ್ಸಿನ ಡ್ರೈವರನಿಗೆ ಯಾಕೆ ಕೊಡುವುದಿಲ್ಲ ಎಂದು ಇನ್ನೊಬ್ಬಳು. "ನೀನು ಹೋಟೆಲು ಕೋರ್ಸು ಮಾಡಿದವಳಲ್ವಾ, ಹೇಳು ನೋಡುವ," ಎಂದು ಇಬ್ಬರೂ ನನ್ನ ಕಡೆ ತಿರುಗಿದರು. ಕೊಡಬೇಕು, ಕೈಯಲ್ಲೇ ಕೊಡಬೇಕು ಎಂದೆ. ಯಾವ ಕೆಲಸಕ್ಕೆ ಎಂದು ಕೇಳಿದರು. ನನಗೆ ಒಬ್ಬರ ನೆನಪಾಯಿತು.

ಬೆಳಗ್ಗೆ ಅವರಿಬ್ಬರೂ ಕಾಪು ಬೀಚಿಗೆ ಹೋದರು. ಅಲ್ಲಿಂದ ಹಾಗೆಯೇ ಮಂಗಳೂರಿಗೆ. ನಾನು ಹೋಗಲಿಲ್ಲ. ಕಾಪು ಎಂದರೆ ನನಗೆ ಲಿಂಬೆ ವಾಸನೆಯ ನೆಲದ ಫಿನಾಯಿಲು, ಒಂದು ಉದ್ದದ ವರಾಂಡ, ಅದರ ತುದಿಯ ಕಿಟಕಿಯಲ್ಲಿ ರಸ್ತೆ ನೋಡುತ್ತ ನಿಂತ ಒಬ್ಬ ಅಕ್ಕ...

ಆರು ವರ್ಷಗಳ ಹಿಂದೆ ಕೋರ್ಸಿನ ಟ್ರೈನಿಂಗಿಗೆಂದು ನನ್ನನ್ನು ಕಾಪುವಿನ ಸಮುದ್ರದ ಬದಿಯ ಹೋಟೆಲೊಂದಕ್ಕೆ ಕಳುಹಿಸಿದ್ದರು. ನವೆಂಬರ್‌ನಿಂದ ಜನವರಿ ಕೊನೆಯವರೆಗೆ. ಮಲಗಲು ಹಿಂದುಗಡೆ ಒಂದು ಸಣ್ಣ ಕೋಣೆ ಕೊಟ್ಟರು. ಅಲ್ಲಿ ನಾನೊಬ್ಬಳೇ. ಮಾತಾಡುವವರು ಯಾರೂ ಇಲ್ಲದ್ದರಿಂದ ದಿನವೂ ಡೈರಿ ಬರೆಯುವ ಅಭ್ಯಾಸ ಅಲ್ಲಿಂದಲೇ ಗಟ್ಟಿಯಾಯಿತು.

ಕೆಲಸ ಎರಡನೇ ಮಾಳಿಗೆಯಲ್ಲಿ. ಸಮುದ್ರ ಕಾಣುವ ಮಾಳಿಗೆ ಅದು, ಬಾಡಿಗೆ ಹೆಚ್ಚು. ಅಲ್ಲಿನ ಕೋಣೆಗಳನ್ನು ನೋಡಿಕೊಳ್ಳುತ್ತಿದ್ದ ಅಕ್ಕನ ಕೈಕೆಳಗೆ ನಾನು ಕಲಿಯಬೇಕಿತ್ತು. ನಲವತ್ತೈದರ ಆಸುಪಾಸು, ಕೆಮ್ಮಣ್ಣಿನವರು. ಉಡುಪಿಗೆ ಒಂದು ಬಸ್ಸು, ಉಡುಪಿಯಿಂದ ಕಾಪುವಿಗೆ ಇನ್ನೊಂದು ಬಸ್ಸು ಹಿಡಿದು ಬರುತ್ತಿದ್ದರು. ಎದೆಯ ಮೇಲಿನ ಹೆಸರಿನ ಬಿಲ್ಲೆಯನ್ನು ಸದಾ ತಿರುಗಿಸಿ ಹಾಕುತ್ತಿದ್ದರು. ಯಾಕೆ ಎಂದು ಕೇಳಿದ್ದಕ್ಕೆ, "ಹೆಸರು ಹಿಡಿದು ಕರೀಲಿಕ್ಕೆ ಇವರೆಲ್ಲ ಎಂತ, ನನ್ನ ಅತ್ತೆಯಾ?" ಎಂದಿದ್ದರು. ಹಾಗಾಗಿ ಇಲ್ಲಿಯೂ ನಾನು ಅವರ ಹೆಸರು ಬರೆಯುವುದಿಲ್ಲ.

ಮೊದಲ ದಿನವೇ ನಾನು ಬೈಸಿಕೊಂಡೆ. ಒಂದು ಕೋಣೆಯವರು ಚೀಲಗಳನ್ನು ಎಳೆದುಕೊಂಡು ಲಿಫ್ಟಿನ ಕಡೆ ಹೋದರು. ಚುರುಕು ತೋರಿಸಲೆಂದು ನಾನು ಕೂಡಲೇ ಹಿಡಿಸೂಡಿ ಹಿಡಿದು ಒಳಗೆ ಹೋಗಿ ಗುಡಿಸತೊಡಗಿದೆ. ಅಕ್ಕ ಹಿಂದಿನಿಂದ ಬಂದು ಹಿಡಿಸೂಡಿ ಕಿತ್ತುಕೊಂಡರು.

"ಎಂತ ಮಾಡ್ತಿ ನೀನು? ಅವರು ಇನ್ನೂ ಗೇಟು ದಾಟಲಿಲ್ಲ."

"ಚೆಕ್‌ಔಟ್ ಆಯ್ತಲ್ಲ ಅಕ್ಕ. ಬಿಲ್ಲು ಕೊಟ್ಟಾಗಿದೆ."

"ಬಿಲ್ಲು ಕೊಟ್ಟರೆ ಊರು ಮುಟ್ಟಿದ ಹಾಗೆ ಆಗ್ತದಾ? ನಿಮ್ಮ ಮನೆಯಲ್ಲಿ ಯಾರಾದ್ರೂ ಹೊರಟ ಕೂಡಲೇ ಗುಡಿಸ್ತೀರಾ?"

ಗುಡಿಸುವುದಿಲ್ಲ. ನಮ್ಮ ಕಡೆ ಯಾರೂ ಗುಡಿಸುವುದಿಲ್ಲ. ಹೆಣ ಹೊರಟ ಮನೆಯನ್ನು ಮಾತ್ರ ಹಾಗೆ ಬೆನ್ನಿಗೇ ಗುಡಿಸುತ್ತಾರೆ. ಬದುಕಿರುವವರು ಹೊರಟರೆ ಸ್ವಲ್ಪ ದೂರ ಹೋಗಲಿ ಎಂದು ಕಾಯುತ್ತಾರೆ. ಇದು ನನಗೂ ಗೊತ್ತಿತ್ತು. ಆದರೆ ಹೋಟೆಲಿಗೂ ಅದನ್ನು ತರಬಹುದೆಂದು ನನಗೆ ಹೊಳೆದಿರಲಿಲ್ಲ. ಅಕ್ಕನ ಮನೆಯವರು ಮೀನುಗಾರರು. ಗಂಡಸರು ದೋಣಿಗೆ ಹೊರಟರೆ, ದೋಣಿ ಅಳಿವೆ ದಾಟಿ ಸಮುದ್ರ ಸೇರುವವರೆಗೆ ಅವರಲ್ಲಿ ಹೆಂಗಸರು ಹಿಡಿಸೂಡಿ ಮುಟ್ಟುತ್ತಿರಲಿಲ್ಲವಂತೆ. ಕಾಪುವಿನಲ್ಲಿ ಅಳಿವೆಯ ಬದಲು ಹೈವೇ. ಕಾರು ಹೈವೇ ಮುಟ್ಟಿದ ಮೇಲೆ ಗುಡಿಸುವುದು.

ಅದಕ್ಕಾಗಿ ಅವರು ಕೆಲಸದ ಕ್ರಮವನ್ನೇ ಬದಲಿಸಿಕೊಂಡಿದ್ದರು. ಒಂದು ಕೋಣೆ ಖಾಲಿಯಾದರೆ ಹಾಸಿಗೆಯ ಬಟ್ಟೆ ಬದಲಿಸಿ, ಬಾತ್‌ರೂಮು ತೊಳೆದು, ಗ್ಲಾಸು ಒರೆಸಿ, ನೆಲವನ್ನು ಹಾಗೆಯೇ ಬಿಟ್ಟು ಮುಂದಿನ ಕೋಣೆಗೆ ಹೋಗುವುದು. ನಡುವೆ ವರಾಂಡದ ತುದಿಯ ಕಿಟಕಿಯಿಂದ ರಸ್ತೆಯ ಕಡೆ ಒಮ್ಮೆ ನೋಡುವುದು. ಆಮೇಲೆ ಹಿಂದೆ ಬಂದು ಮೊದಲಿನ ಕೋಣೆ ಗುಡಿಸುವುದು. ಗಡಿಯಾರ ನೋಡುವುದು ನನ್ನ ಚಾಳಿ. ಹೋಟೆಲಿನ ಗೇಟಿನಿಂದ ಹೈವೇಗೆ ಎಂಟು ನಿಮಿಷ ಸಾಕು. ಅಕ್ಕ ಇಪ್ಪತ್ತು ನಿಮಿಷವಾದರೂ ಕಾಯುತ್ತಿದ್ದರು. ಅಷ್ಟು ಯಾಕೆ ಎಂದೆ.

"ಮಕ್ಕಳು ಉಂಟಲ್ಲ ಮಾರಾಯ್ತಿ. ಐಸ್‌ಕ್ರೀಮಿಗೆ ಎಲ್ಲಿಯಾದ್ರೂ ನಿಲ್ಲಿಸ್ತಾರೆ."

ಅಕ್ಕನಿಗೆ ಟಿಪ್ಸ್ ಬೇಡವೆಂದಲ್ಲ. ಬೇಕಿತ್ತು, ಅದನ್ನು ಹೇಳಲು ನಾಚಿಕೆಯೂ ಇರಲಿಲ್ಲ. ಸಂಬಳ ಮನೆಗೆ, ಟಿಪ್ಸ್ ಬಸ್ಸಿಗೆ ಎನ್ನುತ್ತಿದ್ದರು. ಸಮುದ್ರದ ಬದಿಯ ಮಾಳಿಗೆಯಲ್ಲಿ ಇರುವುದರಿಂದಲೇ ಅಷ್ಟು ದೂರದಿಂದ ಬಂದು ಹೋಗುವುದು ಅವರಿಗೆ ಗಿಟ್ಟುತ್ತಿತ್ತು. "ಈ ಮಾಳಿಗೆ ಇಲ್ಲದಿದ್ರೆ ನಮ್ಮ ಬದಿಯಲ್ಲೇ ಮೀನು ಕೊಯ್ಯುವ ಕೆಲಸ ಉಂಟು. ಮೂಗು ಮುಚ್ಚಿಕೊಂಡು ಮಾಡಿದ್ರಾಯ್ತು," ಎಂದು ಒಮ್ಮೆ ಹೇಳಿದ್ದರು. ಮೀನಿನವರ ಮನೆಯಲ್ಲೇ ಹುಟ್ಟಿದ್ದರೂ ಅವರಿಗೆ ಆ ಕೆಲಸ ಬೇಡವಾಗಿತ್ತು. ಇಸ್ತ್ರಿಯಾದ ಬಿಳಿ ಬಟ್ಟೆಯ ವಾಸನೆ ಅವರಿಗೆ ಇಷ್ಟ. ಹೊಸ ಹಾಸನ್ನು ಕೊಡವುವಾಗ ಒಮ್ಮೆ ಮೂಗಿನ ಹತ್ತಿರ ಹಿಡಿಯದೆ ಹಾಸುತ್ತಿರಲಿಲ್ಲ.

ಟಿಪ್ಸ್ ಇಡದೆ ಹೋದವರನ್ನು ಚೆನ್ನಾಗಿ ಬೈಯುತ್ತಿದ್ದರು. ಒಂದು ಕೋಣೆಯವರು ಬಾತ್‌ರೂಮಿನ ತುಂಬ ಮರಳು ಬಿಟ್ಟು, ಮೂರು ದಿನಕ್ಕೆ ಒಂದು ನಾಣ್ಯವನ್ನೂ ಇಡದೆ ಹೋದಾಗ, "ಐವತ್ತು ರೂಪಾಯಿ ಇಟ್ಟಿದ್ರೆ ಇವರ ಬಾವಿ ಬತ್ತುತ್ತಿತ್ತಾ?" ಎಂದು ಗೊಣಗುತ್ತಲೇ ಆ ಮರಳು ಬಳಿದರು. ಬಾತ್‌ರೂಮು ಮುಗಿಸಿ ಕಿಟಕಿಯ ಹತ್ತಿರ ಹೋಗಿ ನಿಂತರು.

"ಇವರಿಗೂ ಕಾಯಬೇಕಾ ಅಕ್ಕ?"

"ಕೊಡದವರ ಕಾರಿಗೂ ನಾಲ್ಕೇ ಚಕ್ರ ಮಾರಾಯ್ತಿ."

ನನ್ನ ಡೈರಿಯಲ್ಲಿ ಆಗ ಎರಡು ಸಾಲು ಮಾಡಿದ್ದೆ. ಕೊಟ್ಟವರು ಒಂದು ಕಡೆ, ಕೊಡದವರು ಇನ್ನೊಂದು ಕಡೆ. ಕೊಡದವರ ಸಾಲೇ ಉದ್ದ. ಅಕ್ಕ ಕಾಯುವ ಹೊತ್ತು ಮಾತ್ರ ಎರಡು ಕಡೆಗೂ ಒಂದೇ. ಹೊರಟು ಹೋದ ಯಾರಿಗೂ ಅದು ಗೊತ್ತಿರಲಿಲ್ಲ...

ಡಿಸೆಂಬರ್ ಕೊನೆಗೆ ಹೋಟೆಲು ತುಂಬಿತು. ಅದೇ ವಾರ ಹೊಸ ಸೂಪರ್‌ವೈಸರ್ ಬಂದರು. ಶಿರ್ವದವರು, ದೋಹಾದ ಹೋಟೆಲಿನಲ್ಲಿ ಕೆಲಸ ಮಾಡಿ ಬಂದವರು, ಮೆತ್ತಗೆ ಮಾತಾಡುವವರು. ಅವರು ಕೆಟ್ಟವರೆಂದು ನಾನು ಈಗಲೂ ಹೇಳಲಾರೆ. ರಜೆಯ ದಿನಗಳು, ಒಬ್ಬರು ಕೋಣೆ ಬಿಡುವುದನ್ನೇ ಕಾಯುತ್ತ ಇನ್ನೊಬ್ಬರು ಕೆಳಗೆ ಲಾಬಿಯಲ್ಲಿ ಕುಳಿತಿರುತ್ತಿದ್ದರು. ಒಂದು ಕೋಣೆಯನ್ನು ನೆಲದ ಸಮೇತ ಪೂರ್ತಿ ಮುಗಿಸಿ, ರಿಸೆಪ್ಶನ್ನಿಗೆ ಫೋನು ಮಾಡಿ, ಆಮೇಲೆಯೇ ಮುಂದಿನ ಕೋಣೆಗೆ ಹೋಗಬೇಕು ಎಂದು ಅವರು ನಿಯಮ ಮಾಡಿದರು. ನಾಲ್ಕು ದಿನ ಅಕ್ಕ ಹೇಗೋ ದಾಟಿಸಿದರು. ಸೂಪರ್‌ವೈಸರ್ ಎರಡು ಸಲ ಎಚ್ಚರಿಸಿದ್ದರು. ಇನ್ನೊಮ್ಮೆ ತಡವಾದರೆ ಮಾಳಿಗೆ ಬದಲಿಸಿ ಲಾಂಡ್ರಿಗೆ ಹಾಕುತ್ತೇನೆ ಎಂದಿದ್ದರು. ಲಾಂಡ್ರಿಗೆ ಯಾವ ಗಿರಾಕಿಯೂ ಬರುವುದಿಲ್ಲ, ಟಿಪ್ಸ್ ಎಂಬುದೇ ಇಲ್ಲ.

ಡಿಸೆಂಬರ್ 30, ಮಧ್ಯಾಹ್ನ ಹನ್ನೆರಡು. ನಾಲ್ಕು ಜನರ ಒಂದು ಕುಟುಂಬ ಹೊರಟಿತ್ತು. ಮೇಜಿನ ಮೇಲೆ ಖಾಲಿ ಬಿಸ್ಕತ್ತಿನ ಪೊಟ್ಟಣ ಬಿಟ್ಟು ಬೇರೇನೂ ಇರಲಿಲ್ಲ. ಹಾಸಿಗೆ ಆಗಿತ್ತು, ಬಾತ್‌ರೂಮು ಆಗಿತ್ತು, ಪರದೆ ಕೂಡ ಸರಿ ಮಾಡಿ ಆಗಿತ್ತು. ಹಿಡಿಸೂಡಿ ಗೋಡೆಗೆ ಒರಗಿತ್ತು. ಕೆಳಗೆ ಲಾಬಿಯಲ್ಲಿ ಕಾಯುತ್ತಿದ್ದವರ ಮಗು ಅಳುವುದು ಕೇಳುತ್ತಿತ್ತು. ಸೂಪರ್‌ವೈಸರ್ ಬಾಗಿಲಲ್ಲಿ ಬಂದು ನಿಂತರು.

"ಅಕ್ಕ, ಗುಡಿಸುವುದು ಎಷ್ಟು ಹೊತ್ತಿನ ಕೆಲಸ?"

"ಎರಡು ನಿಮಿಷದ್ದು."

"ಹಾಗಾದ್ರೆ ಮಾಡಿ."

"ಮಾಡ್ತೇನೆ. ಅವರು ಹೈವೇ ಮುಟ್ಟಲಿ."

"ಮುಟ್ಟಿದ್ದು ನಿಮಗೆ ಹೇಗೆ ಗೊತ್ತಾಗ್ತದೆ? ಫೋನ್ ಮಾಡ್ತಾರಾ?"

ಅಕ್ಕ ನಕ್ಕರು. "ಮಾಡುವುದಿಲ್ಲ. ಅದಕ್ಕೇ ಅಲ್ವಾ ಕಾಯುವುದು."

ಸೂಪರ್‌ವೈಸರ್ ಒಳಗೆ ಬಂದರು. ಅಂಗಿಯ ತೋಳು ಮಡಚಿ ಹಿಡಿಸೂಡಿ ತೆಗೆದುಕೊಂಡು ತಾವೇ ಗುಡಿಸಿದರು. ಚೆನ್ನಾಗಿಯೇ ಗುಡಿಸಿದರು, ಮಂಚದ ಅಡಿಯನ್ನೂ ಬಿಡಲಿಲ್ಲ. ಅಕ್ಕ ಹೊರಗೆ ವರಾಂಡಕ್ಕೆ ಹೋಗಿ ಬೆನ್ನು ತಿರುಗಿಸಿ ನಿಂತರು. ಮರುದಿನ ಬೆಳಗ್ಗೆ ಅವರ ಹೆಸರು ಲಾಂಡ್ರಿಯ ಪಾಳಿಯಲ್ಲಿತ್ತು.

ಲಾಂಡ್ರಿ ಇದ್ದದ್ದು ಜನರೇಟರಿನ ಪಕ್ಕ. ಅಲ್ಲಿಂದ ಸಮುದ್ರವೂ ಕಾಣುತ್ತಿರಲಿಲ್ಲ, ರಸ್ತೆಯೂ ಕಾಣುತ್ತಿರಲಿಲ್ಲ. ಒಂದು ದಿನ ಊಟದ ಹೊತ್ತಿಗೆ ಹೋಗಿ ಕೇಳಿದೆ: "ಸಾರ್ ಹತ್ರ ಒಂದು ಮಾತು ಹೇಳಿ ಅಕ್ಕ. ಇನ್ನು ಕೂಡಲೇ ಗುಡಿಸ್ತೇನೆ ಅಂತ. ಎಂತ ಆಗ್ತದೆ?"

"ಎಂತದೂ ಆಗುವುದಿಲ್ಲ. ನನಗೂ ಗೊತ್ತುಂಟು. ಆದ್ರೆ ಮಧ್ಯಾಹ್ನ ನನಗೆ ಊಟ ಸೇರುವುದಿಲ್ಲ ಮಾರಾಯ್ತಿ."

ಇನ್ನೊಂದು ದಿನ ಎರಡನೇ ಮಾಳಿಗೆಯ ಒಬ್ಬರು ನನ್ನ ಕೈಗೆ ನೂರು ರೂಪಾಯಿ ಕೊಟ್ಟರು. ಅದನ್ನು ಹಾಗೆಯೇ ಅಕ್ಕನಿಗೆ ಕೊಟ್ಟೆ. ಅವರು ನೋಟನ್ನು ತಿರುಗಿಸಿ ನೋಡಿ, ಹೊರಗೆ ಹೋಗಿ, ಎರಡು ಪೊಟ್ಟಣ ಬಿಸಿ ಗೋಳಿಬಜೆ, ಚಾ ತಂದು, ಉಳಿದ ಚಿಲ್ಲರೆ ನನ್ನ ಮುಂದಿಟ್ಟರು. "ಕೊಟ್ಟವರ ಪುಣ್ಯದಲ್ಲಿ ತಿನ್ನುವ." ಒದ್ದೆ ಬಟ್ಟೆಯ ರಾಶಿಯ ಪಕ್ಕ ಕುಳಿತು ತಿಂದೆವು. ಆ ಮೂರು ತಿಂಗಳಲ್ಲಿ ನಾನು ಇನ್ನೊಬ್ಬರ ಜೊತೆ ಕುಳಿತು ತಿಂದದ್ದು ಅದೊಂದೇ ಸಲ ಎಂದು ಕಾಣುತ್ತದೆ...

ಜನವರಿ 31ರಂದು ನನ್ನ ಟ್ರೈನಿಂಗ್ ಮುಗಿಯಿತು. ಅಕ್ಕನ ಕೈಯಲ್ಲಿ ಇಡಲೆಂದು ಒಂದು ನೋಟು ಮಡಚಿಟ್ಟುಕೊಂಡಿದ್ದೆ. ಚೀಲ ಕಟ್ಟಿ, ಕೋಣೆ ಗುಡಿಸಿ ಹೊರಡೋಣವೆಂದು ಹಿಡಿಸೂಡಿ ಹುಡುಕುವಾಗ ಅವರೇ ಬಂದರು.

"ಹಾಗೇ ಬಿಡು. ಮನೆ ಮುಟ್ಟಿದ ಮೇಲೆ ಲಾಂಡ್ರಿಗೆ ಫೋನ್ ಮಾಡು," ಎಂದು ಹೇಳಿದರು. ಅಷ್ಟರಲ್ಲಿ ಯಂತ್ರದ ಗಂಟೆ ಹೊಡೆಯಿತು, ಅವರು ಓಡಿದರು. ನೋಟು ನನ್ನಲ್ಲೇ ಉಳಿಯಿತು.

ಪಡುಬಿದ್ರಿಯಲ್ಲಿ ಬಸ್ಸು ಬದಲಿಸಿ ಕಾರ್ಕಳ ಸೇರುವಾಗ ನಾಲ್ಕು ಗಂಟೆ. ಮೊದಲು ಫೋನು ಮಾಡಿದೆ. ಹಿಂದೆ ಯಂತ್ರದ ಸದ್ದು.

"ಮುಟ್ಟಿದ್ಯಾ?"

"ಮುಟ್ಟಿದೆ ಅಕ್ಕ."

"ಸೀಟು ಸಿಕ್ಕಿತಾ?"

"ಬೆಳ್ಮಣ್ಣಿನ ನಂತರ ಸಿಕ್ಕಿತು."

"ಹಾಂ. ಹಾಗಾದ್ರೆ ಇನ್ನು ಗುಡಿಸ್ತೇನೆ." ಫೋನು ಇಟ್ಟರು.

ಮೇ ತಿಂಗಳಲ್ಲಿ ಅವರನ್ನು ನೋಡಲು ಹೋದೆ. ಏಪ್ರಿಲ್‌ನ ಬಿಸು ಹಬ್ಬದ ನಂತರ ಬರುತ್ತಿಲ್ಲ ಎಂದು ಗೇಟಿನವರು ಹೇಳಿದರು. ಸಂಬಳದಲ್ಲೇ ಬಸ್ಸಿಗೂ ತೆಗೆದರೆ ಮನೆಗೆ ಎಂತ ಉಳೀತದೆ ಎಂದು ಹೇಳಿ ಹೋದರಂತೆ. ನನ್ನಲ್ಲಿದ್ದ ಅವರ ಮೊಬೈಲ್ ನಂಬರಿಗೆ ಮಾಡಿದರೆ ಬೇರೆ ಯಾರೋ ಎತ್ತಿದರು. ಒಂದು ಭಾನುವಾರ ಕೆಮ್ಮಣ್ಣಿಗೂ ಹೋಗಿ ಹೆಸರು ಹೇಳಿ ವಿಚಾರಿಸಿದೆ. ಅಂಗಡಿಯವರು, "ಆ ಹೆಸರಿನವರು ಇಲ್ಲಿ ತುಂಬ ಜನ ಉಂಟು. ಯಾವ ಮನೆಯವರು?" ಎಂದು ಕೇಳಿದರು. ಮನೆಯ ಹೆಸರನ್ನು ನಾನು ಎಂದೂ ಕೇಳಿರಲಿಲ್ಲ. ತೆಂಗಿನ ತೋಟಗಳ ನಡುವೆ ಸ್ವಲ್ಪ ದೂರ ನಡೆದು, ಹೊಳೆ ಅಡ್ಡ ಬಂದಾಗ ಹಿಂದೆ ಬಂದೆ. ಕಾಪುವಿನ ಆ ಹೋಟೆಲು ಆಮೇಲೆ ಬೇರೆಯವರ ಕೈಸೇರಿತು. ಹೆಸರೂ ಬದಲಾಗಿದೆ.

ಇಷ್ಟು ಬರೆಯುವಾಗ ಬಾಗಿಲು ಬಡಿದರು. ಹನ್ನೊಂದಕ್ಕೆ ಐದು ನಿಮಿಷ ಇತ್ತು. ಕೋಣೆ ಚೊಕ್ಕಟ ಮಾಡುವ ಹುಡುಗಿ, ಹಿಂದಿ ಮಾತಾಡುವವಳು, ಯಾವುದೋ ದೂರದ ಊರಿನವಳು. ಕಾರ್ಡನ್ನು ಬಿಟ್ಟು ಅವಳ ಕೈಯಲ್ಲೇ ಹಣ ಇಟ್ಟೆ. ಥ್ಯಾಂಕ್ಯೂ ದೀದಿ ಎಂದು ನಕ್ಕಳು. ನಾನು ಲಿಫ್ಟಿನ ಹತ್ತಿರ ಮುಟ್ಟುವ ಮೊದಲೇ ಹಿಂದಿನಿಂದ ವ್ಯಾಕ್ಯೂಮ್ ಯಂತ್ರದ ಸದ್ದು ಶುರುವಾಯಿತು. ಅವಳ ತಪ್ಪೇನಿಲ್ಲ. ಅವಳ ಗಾಡಿಯ ಮೇಲೆ ಇನ್ನೂ ಎಷ್ಟೋ ಕೋಣೆಗಳ ಬಟ್ಟೆ ಇತ್ತು. ಲಿಫ್ಟು ಬಂತು, ಬಾಗಿಲು ತೆರೆದು ಮುಚ್ಚಿ ಹೋಯಿತು. ನಾನು ಆ ಸದ್ದು ನಿಲ್ಲುವವರೆಗೆ ಅಲ್ಲೇ ನಿಂತಿದ್ದೆ.

ಈಗ ಮಧ್ಯಾಹ್ನ ಎರಡು ಗಂಟೆ. ಕಾರ್ಕಳ. ಹಿರಿಯಡ್ಕದವರೆಗೆ ನಿಂತು ಬಂದೆ, ಆಮೇಲೆ ಸೀಟು ಸಿಕ್ಕಿತು. ಅಮ್ಮ ಅಬುಧಾಬಿಯಲ್ಲಿ ಅಣ್ಣನ ಜೊತೆ ಇದ್ದಾರೆ. ನಾನು ಮಣಿಪಾಲಕ್ಕೆ ಹೋದದ್ದೇ ಅವರಿಗೆ ಗೊತ್ತಿಲ್ಲ. ಬೀಗ ತೆಗೆದು ಒಳಗೆ ಬಂದು, ಅಭ್ಯಾಸದಂತೆ ಫೋನು ಕೈಗೆತ್ತಿಕೊಂಡೆ. ಯಾರಿಗೆ ಮಾಡುವುದೆಂದು ತಿಳಿಯದೆ ಮೇಜಿನ ಮೇಲಿಟ್ಟೆ.

ಕೆಮ್ಮಣ್ಣಿನ ಕಡೆಯವರು ಯಾರಾದರೂ ಇದನ್ನು ಓದಿದರೆ, ಹಿಂದೆ ಕಾಪುವಿನ ಹೋಟೆಲಿಗೆ ಎರಡು ಬಸ್ಸು ಹಿಡಿದು ಹೋಗುತ್ತಿದ್ದ, ಹೆಸರಿನ ಬಿಲ್ಲೆಯನ್ನು ತಿರುಗಿಸಿ ಹಾಕುತ್ತಿದ್ದ ಅಕ್ಕ ನಿಮಗೆ ಗೊತ್ತಿದ್ದರೆ, ದಯವಿಟ್ಟು ಈ ಪತ್ರಿಕೆಯ ಮೂಲಕ ನನಗೆ ಎರಡು ಸಾಲು ಬರೆಯಿರಿ. ಅವರ ಮನೆ ನಿಮ್ಮ ಹತ್ತಿರವೇ ಇದ್ದರೆ ಇಷ್ಟು ಹೇಳಿಬಿಡಿ: ಕಾರ್ಕಳದ ಹುಡುಗಿ ಮನೆ ಮುಟ್ಟಿದ್ದಾಳೆ.